ಅಲುಗದ ಕುರ್ಚಿ: ಏಳನೆಯ ಕಂತು

"ಅದು ಹಲ್ಲಿ," ಎಂದಳು ಪೀಠಮ್ಮ, ಕಣ್ಣು ಮುಚ್ಚಿಕೊಂಡೇ.

ನಾನು ನಾಲಿಗೆಯನ್ನು ಅಂಗುಳಿನ ಹಿಂಬದಿಗೆ ಒಯ್ದು ಇನ್ನೊಮ್ಮೆ ಟಕ್ ಎನಿಸಿದೆ.

"ಅದು ಕುದುರೆ."

"ಇದು?"

"ಅದು ನಿನ್ನ ದೊಡ್ಡಮ್ಮ ನನ್ನ ಅಡುಗೆ ತಿಂದಾಗ ಮಾಡೋ ಸದ್ದು. ಒಣಗಿದ ಸದ್ದು ಬೇಕು ಕಣೋ. ಮರ ಒಣಗಿದೆ, ನಿನ್ನ ಬಾಯಿ ಒದ್ದೆಯಾಗಿದೆ. ಸ್ವಲ್ಪ ಹೊತ್ತು ತೆರೆದಿಟ್ಟುಕೋ."

ತೆರೆದಿಟ್ಟುಕೊಂಡೆ. ಮಾತಾಡದೆ ಬಾಯಿ ತೆರೆದಿಟ್ಟುಕೊಳ್ಳುವುದು ನನ್ನಂಥವನಿಗೆ ಹೊಸ ಅನುಭವ. ಕಿಟಕಿಯಿಂದ ಬಂದ ಗಾಳಿ ಹಲ್ಲುಗಳಿಗೆ ತಾಗಿ, ಗರಗಸದ ಪುಡಿ ನಾಲಿಗೆಗೆ ಅಂಟಿ, ಕೊನೆಗೊಮ್ಮೆ ಟಕ್ ಎಂದಾಗ ಪೀಠಮ್ಮ ಕಣ್ಣು ತೆರೆದಳು. ಕಣ್ಣಲ್ಲಿ ನೀರಿತ್ತು.

"ಅದೇ," ಎಂದಳು. "ಅಪ್ಪನ ಸದ್ದು."

ಓದುಗರೇ, ಈ ಕಂತಿನಲ್ಲಿ ನಾನು ಹೇಳುವ ಸುಳ್ಳು ಒಂದೇ ಒಂದು. ಅದನ್ನು ಹೇಳಿದ್ದು ಈ ನಾಲಿಗೆ, ಅದೂ ಒಂದೂವರೆ ಅಕ್ಷರದ ಸುಳ್ಳು. ಮಿಕ್ಕಿದ್ದೆಲ್ಲ ಕಣ್ಣಾರೆ ಕಂಡದ್ದು.

ಹಿಂದಿನ ಕಂತಿನ ಸಾರ ಇಷ್ಟೇ: ನಿನ್ನೆ ಪೀಠಮ್ಮ ತನ್ನ ಅಪ್ಪ ಮಾಡಿದ ಕುರ್ಚಿಯಲ್ಲಿ ಕೂತಳು, ಕುರ್ಚಿ ಅಲುಗಲಿಲ್ಲ, ಅಲುಗಲಿಲ್ಲವಾದ್ದರಿಂದ ಅದು ಅಪ್ಪ ಮಾಡಿದ್ದಲ್ಲ.

ನಮ್ಮ ಕೂಟ ಇರುವುದು ಹಿಂದೆ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದ ದೊಡ್ಡ ಶೆಡ್ಡಿನಲ್ಲಿ. ಮರಗೆಲಸ ಮಾಡುವವರಿಗೆ ಸಲಕರಣೆ ಕೊಡುವುದು, ಹಲಗೆ ಒಣಗಿಸಲು ಜಾಗ ಕೊಡುವುದು, ಹೊಸಬರಿಗೆ ಕಲಿಸುವುದು, ಮಾಡಿದ್ದನ್ನು ಜನರಿಗೆ ತೋರಿಸುವುದು ಕೂಟದ ಕೆಲಸ. ಲಾಭ ಮಾಡಬಾರದು ಎಂದು ನಿಯಮವಿದೆ. ನಿಯಮ ಇಲ್ಲದಿದ್ದರೂ ಆಗುತ್ತಿರಲಿಲ್ಲ, ಅದು ಬೇರೆ ಮಾತು. ಅಧ್ಯಕ್ಷೆಗೆ ಪೀಠಮ್ಮ ಎಂದು ಹೆಸರಿಟ್ಟವನು ನಾನು. ಬಂದವರನ್ನು ಕರೆದುಕೊಂಡು ಸುತ್ತಾಡಿ, ಮೇಜು ಕುರ್ಚಿಗಳ ಕಥೆ ಹೇಳಿ, ನಡುನಡುವೆ ಹಿರಿಯರ ದನಿ ಅನುಕರಿಸಿ ನಗಿಸುವುದು ನನ್ನ ಕೆಲಸ. ದೊಡ್ಡಮ್ಮ ನನ್ನ ತಾಯಿಯ ಅಕ್ಕ, ಪೀಠಮ್ಮನ ಶಾಲೆಯ ಗೆಳತಿ. ವಿಮಾ ಕಂಪನಿಯಲ್ಲಿ ಕಳುವಿನ ಕೇಸುಗಳನ್ನು ನೋಡಿ ನೋಡಿ ನಿವೃತ್ತಳಾದ ಮೇಲೂ ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಚಿಲಕ ನೋಡುವವಳು.

"ಮತ್ತೊಮ್ಮೆ ಹೇಳು," ಎಂದಳು ದೊಡ್ಡಮ್ಮ. "ಈ ಟಕ್ ವಿಷಯ ಯಾರ್ಯಾರಿಗೆ ಗೊತ್ತು?"

"ಕೂತವರಿಗೆ ಮಾತ್ರ," ಎಂದಳು ಪೀಠಮ್ಮ.

ಕುರ್ಚಿಯ ಬಲಗಡೆಯ ಹಿಂಗಾಲು ಒಂದು ಚೂರು ಗಿಡ್ಡ. ಕೂಟದ ಗುರುಗಳು, ಅಂದರೆ ಪೀಠಮ್ಮನ ಅಪ್ಪ, ಅಳಿದುಳಿದ ಹಲಗೆಗಳಿಂದ ಮಾಡಿದ ಮೊದಲ ಕುರ್ಚಿ ಅದು. ಅವರು ಅದನ್ನು ತಿದ್ದಲೇ ಇಲ್ಲ. ಯಾರಾದರೂ ಕಲಿತು ಮುಗಿಸಿದ ದಿನ ಅವರನ್ನು ಒಬ್ಬರನ್ನೇ ಒಳಗೆ ಕರೆದು ಅದರಲ್ಲಿ ಕೂರಿಸುತ್ತಿದ್ದರು. ಟಕ್ ಎನ್ನುತ್ತಿತ್ತು. ಆಗ ಗುರುಗಳು ಹೇಳುತ್ತಿದ್ದ ಮಾತು ಒಂದೇ: "ನನ್ನ ಮೊದಲ ಕುರ್ಚಿ ಕುಂಟು. ನಿನ್ನದು ಕುಂಟದಿದ್ದರೆ ನೀನು ನನಗಿಂತ ಮುಂದೆ. ಎದ್ದು ಹೋಗು, ಕೂರದವರಿಗೆ ಹೇಳಬೇಡ." ಒಬ್ಬೊಬ್ಬರಿಗೆ ಆ ಸದ್ದು ಒಂದೇ ಸಲ. ಮತ್ತೆ ಕೂರುವ ಹಾಗಿಲ್ಲ, ಕೈಯಿಂದ ಅಲುಗಿಸಿ ನೋಡುವ ಹಾಗೂ ಇಲ್ಲ. ಗುರುಗಳು ಹೋದ ಮೇಲೆ ಬೆತ್ತ ಹರಿದು, ಹೊಸ ಬೆತ್ತ ಹಾಕಿಸಿ, ಸುತ್ತ ಹಗ್ಗ ಕಟ್ಟಿ ಪ್ರದರ್ಶನಕ್ಕೆ ಇಟ್ಟುಬಿಟ್ಟರು. ಅಲ್ಲಿಂದೀಚೆಗೆ ಕೂತವರಿಲ್ಲ.

ನಾಳೆ ಬೆಳಿಗ್ಗೆ ದೊಡ್ಡ ಮ್ಯೂಸಿಯಂನ ವ್ಯಾನು ಬರುತ್ತದೆ. ನಮ್ಮ ಕೂಟದ್ದೊಂದು ವಸ್ತು ಅಲ್ಲಿಗೆ ಹೋಗುತ್ತಿರುವುದು ಇದೇ ಮೊದಲು. ಆ ಸಂತೋಷದಲ್ಲಿ, ಮಗಳು ಎಂಬ ಸಲಿಗೆಯಿಂದ, ಬೀಳ್ಕೊಡುವ ಮುಂಚೆ ಒಮ್ಮೆ ಕೂತುಬಿಡೋಣ ಎಂದು ಪೀಠಮ್ಮ ಕೂತದ್ದು.

"ನಾಳೆ ಅವರ ಮುಂದೆ ನಿಂತು ಇದು ನನ್ನ ಅಪ್ಪ ಮಾಡಿದ್ದು ಅಂತ ನಾನು ಹೇಳಬೇಕು," ಎಂದಳು ಪೀಠಮ್ಮ. "ನಾವು ಒಂದೊಂದು ಸ್ಟೂಲಿಗೂ ಕಾಯಿಸಿ ಒತ್ತೋ ಮುದ್ರೆ ಇದೆಯಲ್ಲ, ಜನ ಅದನ್ನ ನೋಡಿ ಕಣ್ಣು ಮುಚ್ಚಿ ನಂಬ್ತಾರೆ. ನಾನೊಂದು ಸುಳ್ಳು ಹೇಳಿದ್ರೆ ನಾಳೆಯಿಂದ ಅದು ಮುದ್ರೆ ಅಲ್ಲ, ಬರೀ ಸುಟ್ಟ ಗಾಯ."

"ಹೇಳಬೇಡ. ಕುರ್ಚಿ ಹುಡುಕೋಣ," ಎಂದಳು ದೊಡ್ಡಮ್ಮ. "ನಕಲು ಮಾಡಿದವರು ಯಾರೇ ಆಗಲಿ, ಕಾಲನ್ನ ಸರಿ ಮಾಡಿದಾರೆ. ಕಳ್ಳರು ಇರೋದನ್ನ ಇದ್ದ ಹಾಗೆ ನಕಲು ಮಾಡ್ತಾರೆ. ನಿಮ್ಮವರಿಗೆ ಮಾತ್ರ ಕಳ್ಳತನದಲ್ಲೂ ಕೆಲಸ ಕೆಟ್ಟದಾಗಿ ಮಾಡೋಕೆ ಕೈ ಬರಲ್ಲ."

ಪೀಠಮ್ಮನ ಮುಖದ ಮೇಲೆ, ಆ ದುಃಖದಲ್ಲೂ, ಒಂದು ಗೆರೆಯಷ್ಟು ಹೆಮ್ಮೆ ಮೂಡಿದ್ದನ್ನು ನಾನು ನೋಡಿದೆ.

ಅಂಥ ನಕಲು ಮಾಡಬಲ್ಲ ಕೈಗಳು ಕೂಟದಲ್ಲಿ ಹೆಚ್ಚಿಲ್ಲ. ಕುರ್ಚಿ ನಕಲಿರಬಹುದು ಎಂಬ ಸಂಶಯವನ್ನಷ್ಟೇ ಮುಂದಿಟ್ಟು, ಸಂಶಯ ಹೇಗೆ ಬಂತು ಎಂಬುದನ್ನು ಬಚ್ಚಿಟ್ಟು, ಬೆಳಿಗ್ಗೆ ದೊಡ್ಡಮ್ಮ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕರೆದಿದ್ದಳು.

ಮೊದಲು ಬಂದವನು ಉಳಿಯಜ್ಜ. ಕೆತ್ತನೆಯ ಯಜಮಾನ. ಅವನಿಗೆ ಕೆಮ್ಮು ಮೊದಲು, ಮಾತು ಆಮೇಲೆ. ನಮ್ಮಲ್ಲಿ ಮರಗೆಲಸವನ್ನು ತಲೆಕೆಳಗು ಮಾಡಿಯೇ ನೋಡುವುದು. ಮೇಲಿನ ಚಂದ ಗಿರಾಕಿಗೆ, ಕೆಳಗಿನ ಚಂದ ನಮಗೆ. ಅಜ್ಜ ಕುರ್ಚಿಯನ್ನು ಕೆಲಸದ ಮೇಜಿನ ಮೇಲೆ ಮಗುಚಿ, ಮೂಲೆಮೂಲೆಗೂ ಬೆರಳು ತೂರಿಸಿ, ಕೆಮ್ಮಿ, ತೀರ್ಪು ಕೊಟ್ಟ.

"ಇದು ಗುರುಗಳದ್ದೇ. ನಕಲು ಅನ್ನೋದಾದ್ರೆ, ಇಂಥ ಕೀಲು ಹಾಕೋನು ಈಗ ನಾನೊಬ್ಬನೇ ಉಳಿದಿರೋದು. ನಾನು ಮಾಡಿಲ್ಲ. ಹಾಗಾಗಿ ಇದು ನಕಲಲ್ಲ."

"ಬೇರೆ ಯಾರಾದರೂ ಮಾಡಿರಬಹುದಲ್ಲ?"

"ಅವಮಾನ ಮಾಡೋಕೆ ಕರೆಸಿದ್ರಾ ನನ್ನ?"

ಅವನ ಹಿಂದೆಯೇ ತಿರುಗಣಿ ಮಾವ ಬಂದ. ಕಡಗೋಲಿನಿಂದ ಹಿಡಿದು ಕಂಬದವರೆಗೆ ದುಂಡಗಿರುವುದೆಲ್ಲ ಅವನ ಯಂತ್ರದ್ದು. ಮುಂದಿನ ಒಂದು ಹಲ್ಲು ಇಲ್ಲ, ಹಾಗಾಗಿ ಅವನ ಸಿಟ್ಟಿಗೆ ಸಿಳ್ಳೆ ಸೇರಿರುತ್ತದೆ.

"ಅಜ್ಜನ್ನ ಮೊದಲು ಕರೆದ್ರಿ. ಅಂದ್ರೆ ಅನುಮಾನ ಮೊದಲು ಅವನ ಮೇಲೆ. ನಾನು ಇಲ್ಲಿ ಯಾತಕ್ಕಿದೀನಿ, ಬೀಡಿ ಸೇದೋಕಾ?"

"ನಿಮ್ಮ ಮೇಲೂ ಅನುಮಾನ ಇದೆ ಮಾವ," ಎಂದೆ ನಾನು, ಸಮಾಧಾನ ಮಾಡುವ ದನಿಯಲ್ಲಿ.

"ಎಷ್ಟಿದೆ?"

"ಅಜ್ಜನ ಮೇಲಿರೋಷ್ಟೇ."

"ಅಷ್ಟೇನಾ?" ಎಂದು ಮುಖ ಸಪ್ಪಗೆ ಮಾಡಿಕೊಂಡ. ಅವನೂ ಮಗುಚಿದ, ಸವರಿದ, ಇದು ಗುರುಗಳ ಕುರ್ಚಿಯೇ ಎಂದ. ಅಪರಾಧ ಮಾಡಿಲ್ಲ ಎಂದು ಸಾಧಿಸುವುದು, ಆದರೆ ಮಾಡಲು ಯೋಗ್ಯತೆ ಇತ್ತು ಎಂದು ಅದಕ್ಕಿಂತ ಜೋರಾಗಿ ಸಾಧಿಸುವುದು. ದೊಡ್ಡಮ್ಮ ತನ್ನ ನೌಕರಿಯಲ್ಲಿ ಇಂಥ ಆರೋಪಿಗಳನ್ನು ಕಂಡಿರಲಿಲ್ಲವಂತೆ.

ಕೊನೆಗೆ ಬೆತ್ತದತ್ತೆ. ಕೂರುವ ಜಾಗಕ್ಕೆ ಬೆತ್ತ ಹೆಣೆಯುವವಳು. ಹೆಚ್ಚು ಮಾತಿಲ್ಲ, 'ಹೂಂ' ಒಂದರಲ್ಲೇ ಹತ್ತು ಅರ್ಥ ಹೇಳುವವಳು. ಅವಳ 'ಹೂಂ' ಅನುಕರಿಸಲು ನನಗೆ ಇನ್ನೂ ಬಂದಿಲ್ಲ. ಕುರ್ಚಿಯ ಆಸನ ಒಂದು ಚೌಕಟ್ಟಿನೊಳಗೆ ಕೂರುತ್ತದೆ, ಎತ್ತಿದರೆ ಪೂರ್ತಿ ಬಿಡಿಸಿ ಬರುತ್ತದೆ. ಅವಳು ಎತ್ತಿ, ಬೆಳಕಿಗೆ ಹಿಡಿದು, ಹೆಣಿಗೆಯ ಕಣ್ಣುಗಳ ಮೂಲಕ ನಮ್ಮನ್ನು ನೋಡಿದಳು.

"ಹೆಣಿಗೆ ನಂದೇ. ಬೆತ್ತ ಹರಿದಾಗ ಕುರ್ಚಿ ನನ್ನ ಮನೆಗೇ ಬಂದಿತ್ತಲ್ಲ. ಎಷ್ಟೋ ತಿಂಗಳು ಇತ್ತು."

"ಹೆಣಿಗೆ ನಿಮ್ಮದೇ ಅಂದ ಮೇಲೆ ಆಯಿತು," ಎಂದಳು ದೊಡ್ಡಮ್ಮ. "ಮರದ ವಿಷಯ ಅವರಿಬ್ಬರೂ ನೋಡಿ ಹೇಳಿದಾರೆ. ನೀವು ತಲೆ ಕೆಡಿಸಿಕೊಳ್ಳಬೇಡಿ."

"ಹೂಂ," ಎಂದಳು ಬೆತ್ತದತ್ತೆ. "ಕೆಡಿಸಿಕೊಳ್ಳಲ್ಲ."

ಮೂವರೂ ಪರೀಕ್ಷಿಸುವಾಗ ಟಾರ್ಚು ಹಿಡಿದು ನಿಂತವಳು ಮುದ್ರೆಯಕ್ಕ, ನಮ್ಮ ಕಾರ್ಯದರ್ಶಿ. ಕೂಟದ ಬೀಗದ ಕೈಗಳು, ಫೋನು, ಬಂದ ಅತಿಥಿಗಳು, ಬರದ ವಿದ್ಯುತ್ತು, ಎಲ್ಲ ಅವಳ ತಲೆಯ ಮೇಲೆ. ಹಿರಿಯರು ಒಪ್ಪಿದ ಪ್ರತಿಯೊಂದು ಕೆಲಸಕ್ಕೂ ಕಾದ ಕಬ್ಬಿಣದ ಮುದ್ರೆ ಒತ್ತುವವಳು ಅವಳೇ. ಆದರೆ ಒಂದು ಮೊಳೆ ಹೊಡೆದದ್ದನ್ನು ಯಾರೂ ನೋಡಿಲ್ಲ. ಆಫೀಸಿನ ಕ್ಯಾಲೆಂಡರು ಗೋಡೆಗೆ ಟೇಪಿನಲ್ಲಿ ಅಂಟಿದೆ. ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದಳು. ಏನಕ್ಕಾ ಎಂದರೆ, ಕಾಗದ ಕೊಯ್ತು ಎಂದಳು.

"ಒಳಗಿನ ಮೂಲೆ ನೋಡಿದ್ರಾ ಅಜ್ಜ?" ಎಂದು ಅವಳು ಕೇಳಿದ್ದು ನನಗೆ ನೆನಪಿದೆ. "ಸರಿಯಾಗಿ ನೋಡಿ. ಆಮೇಲೆ ತಪ್ಪು ಇತ್ತು ಅನ್ನಬಾರದು."

ಎಂಥ ಜವಾಬ್ದಾರಿ ಎಂದುಕೊಂಡೆ.

ಈಗ ಮಧ್ಯಾಹ್ನ. ದೊಡ್ಡಮ್ಮನ ಉಪಾಯ ಸರಳವಾಗಿತ್ತು. "ಅಜ್ಜನೋ ಮಾವನೋ, ಮಾಡಿದವರಿಗೆ ಇದು ಅಲುಗಲ್ಲ ಅಂತ ಗೊತ್ತು. ಎಲ್ಲರ ಮುಂದೆ ಟಕ್ ಅಂದ್ರೆ ಸುಮ್ಮನೆ ನಿಲ್ಲೋಕಾಗಲ್ಲ ಅವರ ಕೈಲಿ. ಬಗ್ಗಿ ನೋಡ್ತಾರೆ. ಬಗ್ಗಿದವರು ಸಿಕ್ಕಿಬಿದ್ರು."

"ಇದು ಕಾಲೆಳೆಯೋದು," ಎಂದೆ.

"ನೀನು ಬಾಯಿ ಒಣಗಿಸಿಕೋ."

ಎಲ್ಲರೂ ಪ್ರದರ್ಶನದ ಕೋಣೆಗೆ ಬಂದರು. ನಾನು ಕುರ್ಚಿಯ ಹಿಂದಿನ ದಪ್ಪ ಪರದೆಯ ಮರೆಯಲ್ಲಿ ನಿಂತೆ. ಸೀಳಿನಿಂದ ಕಾಣುತ್ತಿತ್ತು: ಉಳಿಯಜ್ಜ, ತಿರುಗಣಿ ಮಾವ, ಅವರಿಂದ ಒಂದು ಮಾರು ದೂರದಲ್ಲಿ ಬೆತ್ತದತ್ತೆ. ವ್ಯಾನಿನಲ್ಲಿ ಕುರ್ಚಿಗೆ ಹೊದಿಸುವ ಕಂಬಳಿಗಳನ್ನು ಹೊತ್ತುಕೊಂಡು ಮುದ್ರೆಯಕ್ಕ ಬಾಗಿಲಲ್ಲಿ.

"ನಿನ್ನೆ ನಾನೇ ತಪ್ಪು ತಿಳಿದೆ," ಎಂದಳು ಪೀಠಮ್ಮ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ದನಿ ಕಂಠಪಾಠದ ಹಾಗೆ ಬಂತು. "ಇದು ಅಪ್ಪನದೇ. ನಾಳೆ ಹೋಗತ್ತೆ. ಒಂದು ಸಲ ಕೂತವರು ಮತ್ತೆ ಕೂರಬಾರದು, ಸರಿ. ಕೇಳಿಸಿಕೊಳ್ಳಬಾರದು ಅಂತ ಅಪ್ಪ ಹೇಳಿಲ್ಲ."

ಹಗ್ಗ ಸರಿಸಿ ಕೂತಳು. ಬಲಕ್ಕೆ ವಾಲಿದಳು.

ಟಕ್.

ನನ್ನ ನಾಲಿಗೆಯ ಬಗ್ಗೆ ನಾನೇ ಹೊಗಳಿಕೊಳ್ಳಬಾರದು. ಆದರೆ ಆ ಕೋಣೆಯಲ್ಲಿ ಒಂದು ಕ್ಷಣ ಸತ್ತವರು ಬಂದು ಹೋದರು. ಕೆಮ್ಮು ಬೆರೆತ ಒಂದು ನಿಟ್ಟುಸಿರು ಕೇಳಿತು. ಅದರ ಬೆನ್ನಿಗೆ ಸಿಳ್ಳೆ ಬೆರೆತ ಇನ್ನೊಂದು. ಬೆತ್ತದತ್ತೆ ನೆಟ್ಟಗೆ ಪರದೆಯನ್ನು ನೋಡಿದಳು. ನನ್ನನ್ನೇ. ಸಿಕ್ಕಿಬಿದ್ದೆ, ಈ ಮುದುಕಿಯ ಕಿವಿ ಬಲು ಚುರುಕು, ಎಂದುಕೊಂಡೆ.

ಬಾಗಿಲಲ್ಲಿ ಕಂಬಳಿಗಳು ದೊಪ್ಪನೆ ಬಿದ್ದವು.

"ಇಲ್ಲ," ಎಂದಳು ಮುದ್ರೆಯಕ್ಕ. "ಅದು ಹಾಗೆ ಮಾಡಲ್ಲ."

ಅವಳು ಕಂಬಳಿ ತುಳಿದುಕೊಂಡೇ ಬಂದಳು. "ಸ್ವಲ್ಪ ಏಳಿ ಮೇಡಂ," ಎಂದು ಪೀಠಮ್ಮನನ್ನು ಎಬ್ಬಿಸಿ, ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಒಂದು ಕಾಗದದ ಚೂರನ್ನು ಕಾಲಿನ ಕೆಳಗೆ ತೂರಿಸಲು ನೋಡಿದಳು. ಹೋಗಲಿಲ್ಲ. ಎರಡನೆಯದಕ್ಕೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ ನೋಡಿದಳು. ಎಲ್ಲಿಯೂ ಹೋಗಲಿಲ್ಲ. ಎರಡೂ ಕೈಯಿಂದ ಮೂಲೆಮೂಲೆ ಒತ್ತಿದಳು.

"ನಾಲ್ಕೂ ಕೂತಿವೆ," ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. "ಹಾಗಾದ್ರೆ ಸದ್ದು ಎಲ್ಲಿಂದ ಬಂತು?"

"ಬಾಯಿಂದ," ಎಂದಳು ದೊಡ್ಡಮ್ಮ.

ನಾನು ಪರದೆ ಸರಿಸಿ ಹೊರಬಂದು ಇನ್ನೊಮ್ಮೆ ಟಕ್ ಎಂದೆ. ಈ ಸಲ ಬಾಯಿ ಒದ್ದೆಯಾಗಿತ್ತು, ಹಲ್ಲಿಯಂತೆಯೇ ಬಂತು.

ದೊಡ್ಡಮ್ಮ ಸ್ಟೂಲು ಎಳೆದು ಮುದ್ರೆಯಕ್ಕನ ಎದುರಿಗೆ ಕೂತಳು. "ಈ ಕುರ್ಚಿ ಅಲುಗಬಾರದು ಅಂತ ನಿನಗೆ ಯಾರಮ್ಮಾ ಹೇಳಿದ್ದು? ಕೂತವರಿಗೆಲ್ಲ ಗೊತ್ತಿರೋದು ಅದು ಅಲುಗತ್ತೆ ಅಂತ."

"ಅಲುಗತ್ತೆ ಅಂದ್ರೆ?" ಎಂದಳು ಮುದ್ರೆಯಕ್ಕ. ಅವಳ ಹುಬ್ಬು ಗಂಟಿಕ್ಕಿತು. ಇನ್ನೂ ಏನೋ ಕೇಳಲಿದ್ದಳು, ಅಷ್ಟರಲ್ಲಿ ಉಳಿಯಜ್ಜ ಕೆಮ್ಮದೆಯೇ ಮಾತಾಡಿದ. ನಾನು ಕಂಡಂತೆ ಅದೇ ಮೊದಲು.

"ನೀನಾ? ನೀನು ಕ್ಯಾಲೆಂಡರನ್ನ ಟೇಪಿನಲ್ಲಿ ಅಂಟಿಸೋಳು."

"ಮೊಳೆ ಹೊಡೆದ್ರೆ ಗೋಡೆ ಹಾಳಾಗತ್ತೆ ಅಜ್ಜ. ನೀವೇ ಹೇಳಿಕೊಡೋದು, ಮೊಳೆ ಸೋಮಾರಿಯ ಕೀಲು ಅಂತ."

"ನಿನಗೆ ಯಾವಾಗ ಹೇಳಿಕೊಟ್ಟೆ?"

"ನನಗೆ ಹೇಳಲಿಲ್ಲ. ಪಾಠದ ಕೋಣೆಗೂ ನನ್ನ ಆಫೀಸಿಗೂ ನಡುವೆ ಇರೋದು ಒಂದು ಹಲಗೆ ಗೋಡೆ. ನಾನು ಫೋನು ಹಿಡಿದಿರ್ತಿದ್ದೆ, ಕಿವಿ ಆ ಕಡೆ ಇರ್ತಿತ್ತು. ಭಾನುವಾರ ಬೀಗದ ಕೈ ನನ್ನ ಹತ್ರ. ಸಲಕರಣೆ ಇಲ್ಲಿ. ಮೂರು ಕುರ್ಚಿ ಒಲೆಗೆ ಹಾಕಿದೆ. ಇದು ನಾಲ್ಕನೇದು."

"ಒಲೆಗೆ ಯಾಕೆ ಹಾಕಿದೆ?" ಎಂದ ತಿರುಗಣಿ ಮಾವ, ಕೆಲಸದ ಮೇಲಿನ ಮರುಕದಿಂದ.

"ನೀವು ನೋಡಿದ್ರೆ ನೀವೂ ಹಾಕ್ತಿದ್ರಿ ಮಾವ. ಕಾಲು ದುಂಡಗಿರಬೇಕು ಅಲ್ವಾ, ಅವು ಮುನಿಸಿಕೊಂಡ ಹಾಗಿದ್ದವು."

"ಕಳ್ಳತನ ಯಾಕೆ?" ಎಂದಳು ದೊಡ್ಡಮ್ಮ. "ಮಾಡಿದ್ದನ್ನ ಮುಂದಿಟ್ಟು, ನೋಡಿ ಅನ್ನಬಹುದಿತ್ತು."

ಮುದ್ರೆಯಕ್ಕ ಎದ್ದು ನಿಂತಳು. ಸೀರೆಗೆ ಅಂಟಿದ ಧೂಳು ಕೊಡವಲಿಲ್ಲ.

"ಅಂದಿದ್ರೆ ಏನಾಗ್ತಿತ್ತು ಗೊತ್ತಾ ದೊಡ್ಡಮ್ಮ? ಅಜ್ಜ 'ನಮ್ಮ ಕಾರ್ಯದರ್ಶಿ ಪಾಪ, ಆಸೆಪಟ್ಟು ಮಾಡಿದಾಳೆ' ಅಂತಿದ್ರು. ಮಾವ ಚಪ್ಪಾಳೆ ತಟ್ಟುತಿದ್ರು. ಯಾರೂ ಮಗುಚಿ ನೋಡ್ತಿರಲಿಲ್ಲ. ಬೇರೆಯವರ ಕೆಲಸವನ್ನ ಇವರು ಹೇಗೆ ನೋಡ್ತಾರೆ ಅಂತ ನಾನು ಪಕ್ಕದಲ್ಲಿ ನಿಂತು ನೋಡಿದೀನಿ. ಬೆವರು ಇಳಿಸ್ತಾರೆ. ನನಗೆ ಆ ಬೆವರು ಬೇಕಿತ್ತು. ಪಾಪ ಬೇಡವಾಗಿತ್ತು."

ಅವಳು ನೆಲದ ಮೇಲೆ ಬಿದ್ದಿದ್ದ ಕಾಗದದ ಚೂರನ್ನು ಎತ್ತಿಕೊಂಡಳು.

"ವ್ಯಾನು ಬರೋ ಮುಂಚೆ ಕುರ್ಚಿಯನ್ನ ಹಿರಿಯರು ಪರೀಕ್ಷೆ ಮಾಡ್ತಾರೆ ಅಂತ ಗೊತ್ತಿತ್ತು. ಹೋದ ವಾರ ನನ್ನದನ್ನ ಇಟ್ಟು, ಗುರುಗಳದ್ದನ್ನ ತೆಗೆದೆ. ಬೆತ್ತ ನನಗೆ ಬರಲ್ಲ, ಅತ್ತೆಯ ಆಸನವನ್ನೇ ಎತ್ತಿ ಇದರೊಳಗೆ ಕೂರಿಸಿದೆ. ಪರೀಕ್ಷೆ ಆದ ತಕ್ಷಣ ಬದಲಾಯಿಸೋಳಿದ್ದೆ. ಅಷ್ಟರಲ್ಲಿ ಮೇಡಂಗೆ ಏನೋ ಸಂಶಯ ಬಂದು, ನೀವು ಬಂದು, ಅನುಮಾನ ಅಂತ ಮೂವರನ್ನೂ ಕರೆದ್ರಿ. ಅನುಮಾನ ಇಟ್ಟುಕೊಂಡು ನೋಡ್ತಾರೆ ಅಂದ್ರೆ ಇನ್ನೂ ಒಳ್ಳೇದಾಯ್ತು ಅಂತ ಟಾರ್ಚು ಹಿಡಿದೆ." ಅವಳು ಅಜ್ಜನ ಕಡೆ ತಿರುಗಿದಳು. "ಮೂವರೂ ನೋಡಿದ್ರಿ. ಒಬ್ಬರೂ ಗುರುಗಳದ್ದಲ್ಲ ಅನ್ನಲಿಲ್ಲ."

ಉಳಿಯಜ್ಜ ಕುರ್ಚಿಯನ್ನು ನೋಡಿದ. ಮುದ್ರೆಯಕ್ಕನ ಪಟ್ಟಿ ಸುತ್ತಿದ ಹೆಬ್ಬೆರಳನ್ನು ನೋಡಿದ. ಅವನ ಮುಖದಲ್ಲಿ ಎರಡು ಭಾವ ಕಾಲು ಕೆರೆದು ಜಗಳವಾಡುತ್ತಿದ್ದವು: ಮೋಸಹೋದವನ ನಾಚಿಕೆ, ಮೇಷ್ಟರ ಗರ್ವ.

"ಕಾಗದ ಕೊಯ್ದಿದ್ದಲ್ಲ ಅದು," ಎಂದ.

"ಅರ್ಧ ಅಂಗುಲದ ಉಳಿ."

"ಎಡಗೈನ ಬೆರಳು ಉಳಿಯ ಮುಂದೆ ಇಟ್ಟಿದ್ದೆ."

"ಇಟ್ಟಿದ್ದೆ."

"ಇಡಬೇಡ," ಎಂದ ಅಜ್ಜ. ಆಮೇಲೆ ಗಂಟಲು ಸರಿಮಾಡಿಕೊಂಡು, "ಮುದ್ರೆ ಕಾಯಿಸಿ," ಎಂದ. "ಇವತ್ತು ಇವಳು ಒತ್ತಬಾರದು. ಇವಳದ್ದಕ್ಕೆ ನಾವು ಒತ್ತಬೇಕು."

ತಿರುಗಣಿ ಮಾವ ಆಗಲೇ ಒಲೆಯ ಕಡೆ ಹೊರಟಿದ್ದ. ಹೋಗುತ್ತಾ ಸಿಳ್ಳೆ ಬೆರೆಸಿ ಹೇಳಿದ, "ನಲವತ್ತು ಜನರಿಗೆ ಕಲಿಸಿದೆ. ಕಲಿಸದೇ ಕಲಿತೋಳು ಇವಳೊಬ್ಬಳು. ಫೀಸು ಕೊಟ್ಟೋರು ಕೇಳಿಸಿಕೊಂಡ್ರೆ ಸಿಟ್ಟಾಗ್ತಾರೆ."

ಪೀಠಮ್ಮ ಮಾತ್ರ ಅಲುಗಲಿಲ್ಲ.

"ನಿನ್ನ ಕೆಲಸ ದೊಡ್ಡದು. ನಾಳೆ ಎಲ್ಲರ ಮುಂದೆ ಹೇಳ್ತೀನಿ, ನಮ್ಮ ಕೂಟದ ಹೆಮ್ಮೆ ಅಂತ," ಎಂದಳು. "ಈಗ ಹೇಳು. ನನ್ನ ಅಪ್ಪನ ಕುರ್ಚಿ ಎಲ್ಲಿ?"

"ಇಲ್ಲೇ ಇದೆಯಲ್ಲ ಮೇಡಂ. ಒಂದು ವಾರದಿಂದ ನಾನು ಅದರ ಮೇಲೇ ಕೂತಿರೋದು."

ಎಲ್ಲರೂ ಆಫೀಸಿಗೆ ನುಗ್ಗಿದರು. ಮೇಜಿನ ಹಿಂದೆ, ಆಸನದ ಜಾಗಕ್ಕೆ ಒಂದು ಹಲಗೆ ತುಂಡು, ಅದರ ಮೇಲೆ ದಿಂಬು, ಬೆನ್ನಿಗೆ ನೇತುಹಾಕಿದ ಅವಳ ಸ್ವೆಟರು. ಬೆಳಿಗ್ಗೆ ಮೂವರು ಹಿರಿಯರೂ ಅದೇ ಕುರ್ಚಿಯ ಎದುರಿಗೆ ನಿಂತು ಚಹಾ ಕುಡಿದಿದ್ದರು. ಮಾವ ತನ್ನ ಲೋಟವನ್ನು ಅದರ ಕೈಯ ಮೇಲೆ ಇಟ್ಟಿದ್ದನ್ನು ನಾನೇ ನೋಡಿದ್ದೆ. ನೋಡಿದ್ದೆ ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಪ್ರದರ್ಶನದ ಕೋಣೆಗೆ ಹೊತ್ತು ತಂದೆವು. ಎರಡು ಕುರ್ಚಿಗಳು ಅಕ್ಕಪಕ್ಕ. ಬೆತ್ತದತ್ತೆ ಆಸನವನ್ನು ಒಂದರಿಂದ ಎತ್ತಿ ಇನ್ನೊಂದರಲ್ಲಿ ಕೂರಿಸಿದಳು. ಅದು ಒಳಗೆ ಇಳಿದ ರೀತಿ ನೋಡಿದರೆ ಮನೆಗೆ ಬಂದಂತಿತ್ತು. ಒಲೆಯ ಕಡೆಯಿಂದ ಕಬ್ಬಿಣ ಕಾಯುವ ವಾಸನೆ ಬಂತು.

ಪೀಠಮ್ಮ ಕಣ್ಣು ಮುಚ್ಚಿ ಕೂತಳು. ಬಲಕ್ಕೆ ವಾಲಿದಳು.

ಏನೂ ಕೇಳಲಿಲ್ಲ.

ಎಡಕ್ಕೆ ವಾಲಿ, ಮತ್ತೆ ಬಲಕ್ಕೆ ವಾಲಿದಳು. ಕುರ್ಚಿ ಬಂಡೆಯ ಹಾಗೆ ಕೂತಿತ್ತು.

ಎಲ್ಲರೂ ನನ್ನ ಮುಖ ನೋಡಿದರು.

"ನಾನು ಬಾಯಿ ಮುಚ್ಚಿಕೊಂಡಿದೀನಿ," ಎಂದೆ.

"ಅದೇ ಈಗ ತೊಂದರೆ," ಎಂದಳು ದೊಡ್ಡಮ್ಮ.

ಪೀಠಮ್ಮ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. "ಕಾಲು ಸರಿ ಮಾಡಿಬಿಟ್ಯಾ ನೀನು? ಇದನ್ನೂ?"

"ಇಲ್ಲ ಮೇಡಂ." ಮುದ್ರೆಯಕ್ಕನ ದನಿ ಸಣ್ಣಗಾಗಿತ್ತು. "ಆಗಲೇ ಕೇಳೋಣ ಅಂದುಕೊಂಡೆ, ಅಲುಗತ್ತೆ ಅಂದ್ರೆ ಏನು ಅಂತ. ಇದು ಯಾವತ್ತೂ ಅಲುಗಿಲ್ಲ. ಒಂದೊಂದು ಕಾಲನ್ನೂ ಅಳೆದಿದೀನಿ, ನಾಲ್ಕೂ ಒಂದೇ ಸಮ. ನನ್ನದಕ್ಕೆ ಅದೇ ಅಳತೆ ಹಾಕಿದೆ. ಒಂದು ಕೂದಲೆಳೆ ತಿದ್ದಲಿಲ್ಲ. ಗುರುಗಳ ಕೆಲಸ ತಿದ್ದೋಕೆ ನಾನ್ಯಾರು?"

ಉಳಿಯಜ್ಜ ಕುರ್ಚಿಯ ಬಲ ಹಿಂಗಾಲಿನ ಬುಡವನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಬಿಸಿ ತಾಗಿದವನಂತೆ ಹಿಂತೆಗೆದ. "ಇದು ತಿದ್ದಿದ ಕಾಲಲ್ಲ. ಮೊದಲಿಂದಲೂ ಸರಿಯಾಗಿಯೇ ಮಾಡಿದ್ದು," ಎಂದ. "ಇದೂ ಗುರುಗಳದ್ದಲ್ಲ."

"ಇದು ಇಲ್ಲಿಗೆ ಬಂದು ಎಷ್ಟು ವರ್ಷ ಆಯಿತೋ," ಎಂದಳು ದೊಡ್ಡಮ್ಮ ನಿಧಾನವಾಗಿ. "ಕೊನೇ ಸಲ ಯಾರೋ ಕೂತ ಮೇಲೆ, ಹಗ್ಗ ಕಟ್ಟೋಕೆ ಮುಂಚೆ."

ಬೇರೆಯವರ ದನಿಯನ್ನು ಕದಿಯುವವನ ಕಿವಿಯಲ್ಲಿ ಕೇಳಿದ್ದೆಲ್ಲ ಉಳಿದಿರುತ್ತದೆ. ನನ್ನ ತಲೆಯೊಳಗೆ ಮಧ್ಯಾಹ್ನದ ಆ ಕ್ಷಣ ಮತ್ತೆ ಓಡಿತು. ಟಕ್. ಕೆಮ್ಮು ಬೆರೆತ ನಿಟ್ಟುಸಿರು. ಸಿಳ್ಳೆ ಬೆರೆತ ನಿಟ್ಟುಸಿರು. ಹಿಂದೆ ಗುರುಗಳ ಕುರ್ಚಿಯಲ್ಲಿ ಕೂತ ಹಿರಿಯರು ಮೂವರು, ನಿಟ್ಟುಸಿರು ಎರಡೇ. ಮೂರನೆಯವಳು ಕುರ್ಚಿಯನ್ನು ನೋಡಲೇ ಇಲ್ಲ. ಆ ಸದ್ದು ಆ ಕುರ್ಚಿಯಿಂದ ಬರಲು ಸಾಧ್ಯವೇ ಇಲ್ಲ ಎಂದು ಗೊತ್ತಿದ್ದವಳ ಹಾಗೆ ನೇರವಾಗಿ ಪರದೆಯನ್ನು ನೋಡಿದಳು.

ಹೆಣಿಗೆ ನೋಡಿ ಹೋಗಿ ಎಂದಿದ್ದೆವು. ಮರದ ವಿಷಯ ಅವಳನ್ನು ಯಾರೂ ಕೇಳಿರಲಿಲ್ಲ. ಬೆತ್ತ ಹರಿದ ಕುರ್ಚಿ ಎಷ್ಟೋ ತಿಂಗಳು ಇದ್ದದ್ದು ಅವಳ ಮನೆಯಲ್ಲಿ.

ನಾನು ತಿರುಗಿ ನೋಡಿದೆ. ಬೆತ್ತದತ್ತೆ ಕುರ್ಚಿಯ ಬೆನ್ನಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು, ವೇದಿಕೆ ಮೇಲೆ ಬಹುಮಾನ ತೆಗೆದುಕೊಳ್ಳುವ ಮಗಳನ್ನು ಕೆಳಗಿನಿಂದ ನೋಡುವ ತಾಯಿಯ ಮುಖ. ನಮ್ಮಿಬ್ಬರ ಕಣ್ಣು ಕೂಡಿದವು.

"ಹೂಂ," ಎಂದಳು, ನಾನು ಏನೂ ಕೇಳದಿದ್ದರೂ. ಅದರ ಅರ್ಥ ಏನು, ಗುರುಗಳ ಕುರ್ಚಿ ಅವಳ ಮನೆಯಲ್ಲಿ ಇದೆಯೋ, ಇಲ್ಲವೋ, ಒಲೆಗೆ ಹೋಯಿತೋ, ನನಗೆ ಹೊಳೆಯಲಿಲ್ಲ.

ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗಿನಿಂದ ಒಂದು ಸದ್ದು ಎದ್ದಿತು. ಮೊದಲು ಅಳು ಎಂದುಕೊಂಡೆ.

ಮುದ್ರೆಯಕ್ಕ ಎರಡು ಕುರ್ಚಿಗಳ ನಡುವೆ ನೆಲದ ಮೇಲೆ ಕುಸಿದು ಕೂತಿದ್ದಳು. ಒಂದು ಕೈ ಈ ಕುರ್ಚಿಯ ಕಾಲಿನ ಮೇಲೆ, ಇನ್ನೊಂದು ಆ ಕುರ್ಚಿಯ ಕಾಲಿನ ಮೇಲೆ.

"ಅಂದ್ರೆ ಅಜ್ಜ," ಎಂದಳು, ಉಸಿರಿಗಾಗಿ ಒದ್ದಾಡುತ್ತಾ, "ಮೂರು ಕುರ್ಚಿ ಸುಟ್ಟು, ಬೆರಳು ಕೊಯ್ದುಕೊಂಡು, ನಾನು ಕಾಪಿ ಹೊಡೆದಿದ್ದು ಕಾಪಿ ಹೊಡೆದವರ ಪೇಪರನ್ನಾ?"

ಅಜ್ಜನ ಕೆಮ್ಮು ನಗುವಾಯಿತು. ಕೆಂಪಗೆ ಕಾದ ಮುದ್ರೆಯನ್ನು ಹಿಡಿದು ಬಾಗಿಲಿಗೆ ಬಂದ ತಿರುಗಣಿ ಮಾವ, ಯಾವ ಕುರ್ಚಿಗೆ ಒತ್ತಬೇಕು ಎಂದು ಗೊತ್ತಾಗದೆ ಅದನ್ನು ಗಾಳಿಯಲ್ಲೇ ಹಿಡಿದು, ಸಿಳ್ಳೆ ಹೊಡೆಯುತ್ತಾ ನಕ್ಕ. ದೊಡ್ಡಮ್ಮ ನಕ್ಕಳು. ಕುರ್ಚಿಯಲ್ಲಿ ಪೀಠಮ್ಮ ನಗಲಿಲ್ಲ, ಅವಳ ಹಿಂದೆ ಬೆತ್ತದತ್ತೆಯೂ ನಗಲಿಲ್ಲ. ನನ್ನ ನಾಲಿಗೆಗೆ ಎಲ್ಲರೆದುರು ಮೋಸಹೋದ ಮುದ್ರೆಯಕ್ಕ ಹೊಟ್ಟೆ ಹಿಡಿದುಕೊಂಡು, ಶೆಡ್ಡಿನ ತಗಡಿನ ಮಾಡು ಗುಂಯ್‌ಗುಟ್ಟುವ ಹಾಗೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.